ಕಳಚದ ಉಂಗುರ

ಬಾಳೆಬುಡದ ಎರೆಹುಳು ಜೊತೆಯಾಗೋಣವೆಂದು ಕರೆದಾಗ ತಿಪ್ಪೆಯ ಎರೆಹುಳು ದೂರದಲ್ಲೇ ನಿಂತು ಕೇಳಿತು: "ನಾನು ಬೀಜ ಕೊಟ್ಟ ಮೇಲೆ ನೀನು ಕೊಡದೆ ಹೋದರೆ?"

"ನಮ್ಮಲ್ಲಿ ಪ್ರತಿಯೊಬ್ಬರೂ ಗಂಡೂ ಹೌದು, ಹೆಣ್ಣೂ ಹೌದು. ನಿನ್ನ ತಲೆ ನನ್ನ ಬಾಲದ ಕಡೆಗಿರಲಿ. ಕೊಡುವುದು, ಪಡೆಯುವುದು ಒಟ್ಟಿಗೇ ಆಗುತ್ತದೆ," ಎಂದಿತು ಬಾಳೆಬುಡದ್ದು.

ಹಾಗೆಯೇ ಆಯಿತು. ಒಂದರ ಬೀಜವನ್ನು ಇನ್ನೊಂದು ತನ್ನ ಮೈಯೊಳಗಿನ ಚೀಲದಲ್ಲಿ ಇಟ್ಟುಕೊಂಡಿತು. ಆಮೇಲೆ ಎರಡರ ಕೊರಳ ಬಳಿಯೂ ಲೋಳೆಯ ಉಂಗುರ ಮೂಡಿತು. ಬಾಳೆಬುಡದ್ದು ಮೆಲ್ಲಗೆ ಹಿಂದಕ್ಕೆ ಸರಿಯಿತು. ಉಂಗುರ ತಲೆಯತ್ತ ಜಾರುತ್ತಾ ದಾರಿಯಲ್ಲಿ ಅದರ ಮೊಟ್ಟೆಗಳನ್ನೂ ಚೀಲದಲ್ಲಿದ್ದ ಬೀಜವನ್ನೂ ತುಂಬಿಕೊಂಡಿತು. ತಲೆಯಿಂದ ಕಳಚಿದ ಕೂಡಲೇ ಉಂಗುರದ ಎರಡೂ ಬಾಯಿ ಮುಚ್ಚಿಕೊಂಡು ಅದೇ ಗೂಡಾಯಿತು.

"ಮಣ್ಣಲ್ಲೇ ಬಿಟ್ಟು ಹೋಗುತ್ತೀಯಾ? ಇರುವೆ ಸುಮ್ಮನೆ ಬಿಡುತ್ತದೆಯೇ?" ಎಂದಿತು ತಿಪ್ಪೆಯದು.

"ನಾವು ಉಂಗುರದಿಂದ ಹೊರಬರುವ ತನಕ ಅದರ ಬಾಯಿ ಮುಚ್ಚುವುದಿಲ್ಲ, ಮುಚ್ಚದೆ ಮರಿಯಾಗುವುದಿಲ್ಲ. ನೀನೂ ಕಳಚು."

"ನನ್ನದನ್ನು ಕಳಚಿಸಲು ನಿನಗೇಕೆ ಇಷ್ಟು ಅವಸರ? ಎತ್ತಿಕೊಂಡು ಹೋಗುವವರು ಯಾರೆಂದು ನನಗೆ ಗೊತ್ತಿಲ್ಲವೇ?"

ತಿಪ್ಪೆಯದು ಉಂಗುರವನ್ನು ಬಿಗಿಹಿಡಿದು ಅಲ್ಲಾಡದೆ ಮಲಗಿತು. ಉಂಗುರ ಅಲ್ಲೇ ಒಣಗಿ ಕೊರಳಿಗೆ ಕಚ್ಚಿಕೊಂಡಿತು.

ಕೆಲವು ವಾರಗಳಲ್ಲಿ ಬಾಳೆಬುಡದ ಗೂಡು ಒಡೆಯಿತು. ತಿಪ್ಪೆಯದರದೇ ಬೀಜದಿಂದಾದ ಮರಿಯೊಂದು, ದಾರದಷ್ಟು ಸಣ್ಣದು, ಹೊರಗೆ ತೆವಳಿ ತಿಪ್ಪೆಯ ಹುಳುವಿನ ಮೈ ಸವರಿಕೊಂಡೇ ಮುಂದೆ ಹೋಯಿತು.

ಕೊರಳು ತಿರುಗಿಸಲಾಗದ ತಿಪ್ಪೆಯದು ಹೇಳಿತು: "ನಾನು ಆಗಲೇ ಹೇಳಿದ್ದೆ. ನಿನ್ನದು ಒಡೆದುಹೋಯಿತು. ನನ್ನದು ಇನ್ನೂ ಭದ್ರವಾಗಿದೆ."