ಗೂಳಿಯಂತೆ ನುಗ್ಗಿದ ಹಡಗು

೧೯೫೮ರ ಏಪ್ರಿಲ್ ೧೨ರ ನನ್ನ ಡೈರಿಯಲ್ಲಿ ಅತ್ತೆ ಹೇಳಿದ ಈ ಕಥೆಯಿದೆ. ಮುನ್ನೂರು ವರ್ಷದ ಹಿಂದಿನದಂತೆ.

ತದಡಿ ಬಂದರಿನಲ್ಲಿ ನಿಂತಿದ್ದ ಹಡಗೊಂದನ್ನು, ನಾವಿಕರು ಮನೆಗೆ ಹೋಗಿದ್ದಾಗ, ಪರದೇಶಿ ಕಪ್ತಾನನೊಬ್ಬ ಹಗ್ಗ ಕಟ್ಟಿ ಎಳೆದೊಯ್ದ. ಕಂಡವರಿಲ್ಲ. "ನಿನ್ನೆ ನಡುಗಡಲಲ್ಲಿ ನಮ್ಮ ಮೇಲೇರಿ ಬಂತು, ಸೆರೆಹಿಡಿದೆ. ಮೇಲೆ ಬಿದ್ದ ಹಡಗನ್ನು ಹಿಡಿದಿಟ್ಟುಕೊಳ್ಳಲು ನಮ್ಮ ರಾಜನ ಅಪ್ಪಣೆಪತ್ರವಿದೆ. ಇನ್ನು ಅದು ನನ್ನದು!" ಎಂದು ಬಂದರಿನ ಅಧಿಕಾರಿಯ ಮುಂದೆ ಎದೆಯುಬ್ಬಿಸಿದ. ಹಡಗು ಹೋದರೆ ಹದಿನಾಲ್ಕು ಮನೆಯ ಒಲೆ ಆರುತ್ತಿತ್ತು.

ಹಡಗಿನ ಅಡುಗೆಯವನು ಕೈಮುಗಿದ. "ಹೇಗೆ ಬಂತು, ಧಣಿ?"

"ಗೂಳಿಯ ಹಾಗೆ!"

"ನೆಟ್ಟಗೋ?"

"ನೆಟ್ಟಗೇನು! ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಗರ್ರನೆ ತಿರುಗಿ ನುಗ್ಗಿತು!"

"ಅಬ್ಬಬ್ಬಾ, ಎಂಥ ಕಾಳಗ! ದಣಿದಿದ್ದೀರಿ. ಬನ್ನಿ, ಹಪ್ಪಳ ಸುಟ್ಟುಕೊಡುತ್ತೇನೆ."

ಅಧಿಕಾರಿಯೂ ಜೊತೆಗೆ ನಡೆದ. ದಂಡೆಯಲ್ಲಿ ಅಗಲವಾದ ಹಲಗೆಯೊಂದರ ಮೇಲೆ ಹಪ್ಪಳ ಒಣಗುತ್ತಿದ್ದವು. ಅವನು ಒಂದೊಂದನ್ನೇ ಎತ್ತಿದ. ಅಡಿಯಲ್ಲಿದ್ದದ್ದು ಆ ಹಡಗಿನದೇ ಚುಕ್ಕಾಣಿ! ದುರಸ್ತಿಗೆಂದು ಬಿಚ್ಚಿಟ್ಟು ನಾಲ್ಕು ದಿನವಾಗಿತ್ತು.

"ಚುಕ್ಕಾಣಿ ಇಲ್ಲಿ, ಹೊರಳಿದ್ದು ಅಲ್ಲಿ! ಗೂಳಿಯನ್ನು ಬಾಲ ಹಿಡಿದು ತಿರುಗಿಸಿದಿರಾ, ಧಣಿ?"

ಅಧಿಕಾರಿ ನಕ್ಕ ನಗೆಗೆ ಮುಂಡಾಸು ಮರಳಿಗೆ ಬಿತ್ತು. ಕಪ್ತಾನನ ಮೀಸೆ ಜೋತುಬಿತ್ತು. ಸಂಜೆಯೊಳಗೆ ಹಡಗು ಬಂದರಿಗೆ ಮರಳಿತು.

ಒಟ್ಟು ಖರ್ಚು: ಅಧಿಕಾರಿ ತಿಂದ ಇಪ್ಪತ್ತೆರಡು ಹಪ್ಪಳ, ಕಾಗೆ ಒಯ್ದ ಮೂರು.