ಸ್ಕಿಥಿಯನ ಊರು

ಜೋರ್ದಾನ್ ನದಿಯ ಪಶ್ಚಿಮಕ್ಕೆ, ಬೇತ್‌ಷೆಯಾನಿನ ದಿಬ್ಬದ ಕೆಳಗೆ, ಉರುಳಿಬಿದ್ದ ಕಂಬಗಳ ನಡುವೆ ಈಗ ಹುಲ್ಲು ಬೆಳೆದಿದೆ. ಸೌಲ ರಾಜನ ಶವವನ್ನು ಅವನ ಶತ್ರುಗಳಾದ ಫಿಲಿಷ್ಟಿಯರು ಗೋಡೆಗೆ ನೇತುಹಾಕಿದ್ದು ಇದೇ ಊರಿನಲ್ಲಿ ಎಂದು ಬೈಬಲ್ ಹೇಳುತ್ತದೆ. ಬಹುಕಾಲದ ಮೇಲೆ ಬಂದ ಗ್ರೀಕರು ಇದನ್ನು ಸ್ಕಿಥೋಪೊಲಿಸ್, ಅಂದರೆ ಸ್ಕಿಥಿಯರ ಪಟ್ಟಣ, ಎಂದು ಕರೆದರು. ದೂರದ ಬಡಗಣ ಹುಲ್ಲುಗಾವಲಿನ ಆ ಕುದುರೆ ಸವಾರರ ಹೆಸರು ಈ ಊರಿಗೆ ಅಂಟಿದ್ದೇಕೆಂದು ಪಂಡಿತರಿಗೂ ಖಚಿತವಿಲ್ಲ. ಕತೆ ಹೇಳುವವರು ಮಾತ್ರ ಸ್ಪಾರ್ಗನೆಂಬ ಒಬ್ಬನನ್ನು ನೆನೆಯುತ್ತಾರೆ.

ಗ್ರೀಕರು ಬರುವುದಕ್ಕೆ ಎಷ್ಟೋ ತಲೆಮಾರು ಹಿಂದೆ ಸ್ಕಿಥಿಯರ ದಂಡು ಐಗುಪ್ತದತ್ತ, ಅಂದರೆ ಈಜಿಪ್ಟಿನತ್ತ, ಈ ಕಣಿವೆಯಲ್ಲಿ ಹಾದುಹೋಯಿತಂತೆ. ಜ್ವರದಿಂದ ಕುದುರೆಯ ಮೇಲೆ ಕೂರಲಾರದ ಸ್ಪಾರ್ಗನನ್ನು ಸಂಗಡಿಗರು ಸತ್ತನೆಂದೇ ಬಗೆದು ಹಳ್ಳದ ದಂಡೆಯಲ್ಲಿ ಬಿಟ್ಟು ನಡೆದರು. ನಾರುಬಟ್ಟೆ ನೇಯುವ ಮಿಲ್ಕಾ ಎಂಬ ವಿಧವೆ ಗಂಜಿ ಕುಡಿಸಿ ಅವನನ್ನು ಬದುಕಿಸಿದಳು. ಅವಳ ಮನೆಯ ಮಗ್ಗುಲಲ್ಲೇ ಅವನು ಉಳಿದ, ಊರಿನ ಕುದುರೆ ಕತ್ತೆಗಳನ್ನು ಮೇಯಿಸಿದ, ಊರ ಮಾತನ್ನೂ ಕಲಿತ. ಆದರೂ ಮಿಲ್ಕಾಳ ಹೊರತು ಯಾರೂ ಅವನ ಜೊತೆ ಕೂತು ಉಣ್ಣುತ್ತಿರಲಿಲ್ಲ. ತನ್ನ ಭಾಷೆ ಎಲ್ಲಿ ಮರೆತುಹೋದೀತೋ ಎಂಬ ಭಯಕ್ಕೆ ಅದನ್ನು ಕುದುರೆಗಳ ಕಿವಿಯಲ್ಲಿ ಆಡುತ್ತಿದ್ದ.

ವರ್ಷಗಳು ಕಳೆದು ಅದೇ ದಂಡು ದಾರಿಯ ಊರುಗಳನ್ನು ಸುಡುತ್ತ ಹಿಂದಿರುಗಿತು. ಬೇತ್‌ಷೆಯಾನಿನವರು ಊರಬಾಗಿಲು ಹಾಕಿಕೊಂಡು ನಡುಗಿದರು. ಸ್ಪಾರ್ಗ ಒಬ್ಬನೇ ಹೊರಬಂದು ನಾಯಕನ ಕುದುರೆಯ ಲಗಾಮು ಹಿಡಿದು, "ಸುಡಬೇಡ, ಒಳಗೆ ನಿನ್ನವನೊಬ್ಬನ ಮನೆಯಿದೆ" ಎಂದು ತನ್ನ ಭಾಷೆಯಲ್ಲಿ ಕೂಗಿದ. ನಾಯಕ ಇಳಿದು ತಬ್ಬಿಕೊಂಡ. "ಸತ್ತೆ ಎಂದುಕೊಂಡೆವಲ್ಲೋ! ನಮ್ಮವನಿರುವ ಊರಿಗೆ ನಾವು ಬೆಂಕಿ ಇಡುವುದಿಲ್ಲ. ಆದರೆ ನಿನಗಿನ್ನು ಇಲ್ಲೇನು ಕೆಲಸ? ಕುದುರೆ ಹತ್ತು, ಮನೆಗೆ ಹೋಗೋಣ."

ಸ್ಪಾರ್ಗನ ಕಣ್ಣು ತುಂಬಿ ಬಂತು. ಕೈ ಆಗಲೇ ಕುದುರೆಯ ಜೂಲಿನ ಮೇಲಿತ್ತು. "ನಾನು ಬಂದುಬಿಟ್ಟರೆ ಈ ಊರು?" ಎಂದು ಕೇಳಿದ.

"ಆಮೇಲೆ ಅದು ಯಾರದೋ ಊರು" ಎಂದು ನಾಯಕ ನಕ್ಕ.

ಸ್ಪಾರ್ಗ ಕೈ ತೆಗೆದ. "ಹಾಗಾದರೆ ನಾನು ಇಲ್ಲೇ ಇರುತ್ತೇನೆ."

ದಂಡಿನ ಧೂಳು ಅಡಗುವವರೆಗೂ ಅವನು ನಿಂತಿದ್ದ. ಮಿಲ್ಕಾ ಮೆಲ್ಲನೆ ಹತ್ತಿರ ಬಂದು, "ಏನಂದರಪ್ಪಾ ನಿನ್ನವರು?" ಎಂದಳು. "ಹೋಗಿಬರುತ್ತೇವೆ ಎಂದರು, ಅಮ್ಮಾ." ಅವರು ಮತ್ತೆ ಬರಲಿಲ್ಲ. ಮನೆಮಠ ಸುಟ್ಟುಹೋದ ನೆರೆಯೂರಿನವರು, ಅದು ಸ್ಕಿಥಿಯನ ಊರು, ಅದಕ್ಕೇ ಉಳಿಯಿತು ಎಂದು ಹೊಟ್ಟೆಯುರಿಯಿಂದ ಆಡಿಕೊಂಡರು. ಆ ಮಾತೇ ಬಾಯಿಂದ ಬಾಯಿಗೆ ಸಾಗಿ ಕೊನೆಗೆ ಗ್ರೀಕರ ಕಿವಿಗೆ ಬಿತ್ತು ಎನ್ನುತ್ತಾರೆ.

ಇಂದು ಅಲ್ಲಿಗೆ ಹೋದವರು ಕಪ್ಪುಕಲ್ಲಿನ ನಾಟಕಶಾಲೆಯ ಮೆಟ್ಟಿಲಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಸ್ಕಿಥಿಯರು ಇದ್ದ ಕೇರಿ ಯಾವುದು ಎಂದು ಯಾರಾದರೂ ಕೇಳಿದರೆ, ಕತೆ ಬಲ್ಲವರು ಕೇರಿ ಇರಲಿಲ್ಲ, ಇದ್ದವನು ಒಬ್ಬನೇ ಎನ್ನುತ್ತಾರೆ.