ಹೂಗಾರ ಗುರುಶಾಂತ ಕೇಳಿದ ದನಿ

ದೋಣಿ ಹೊಳೆಯ ದಂಡೆಯ ಸಿರಗನಾಳದಲ್ಲಿ ಪೂಜ್ಯ ಮಾತೋಶ್ರೀ ಶಿವಗಂಗಾಂಬಾ ತಾಯಿಯವರು ಮಠದ ತಗಡಿನ ಮಾಡಿನ ಒಂದೇ ಒಂದು ಕೋಣೆಯಲ್ಲಿ ವಾಸವಾಗಿದ್ದರು. ಹಾಸಲು ಒಂದು ಕೌದಿ, ಮೂಲೆಯಲ್ಲಿ ಒಲೆ, ಪೂಜೆಗೆ ಇಷ್ಟಲಿಂಗ. ಇದಕ್ಕಿಂತ ಹೆಚ್ಚಿನದನ್ನು ಅವರು ಬಯಸಿದವರಲ್ಲ. ದರ್ಶನಕ್ಕೆ ಬಂದವರು ತಮ್ಮ ಕಷ್ಟ ಹೇಳಿಕೊಳ್ಳುವಾಗಲೂ ತಾಯಿಯವರ ಕೈ ಮೊರದಲ್ಲಿ ದಾಸೋಹದ ಜೋಳ ಹಸನು ಮಾಡುತ್ತಿರುತ್ತಿತ್ತು. ಮಾತು ಬಹಳ ಕಡಿಮೆ. ಆಡಿದ ಒಂದು ಮಾತನ್ನು ಭಕ್ತರು ಜೋಪಾನವಾಗಿ ಊರಿಗೆ ಒಯ್ಯುತ್ತಿದ್ದರು.

ಮಠಕ್ಕೆ ನಿತ್ಯ ಹೂ ತರುವ ಸೇವೆ ಗುರುಶಾಂತ ಹೂಗಾರನದು. ಇನ್ನೂ ಹರೆಯದವನು, ತನ್ನ ಪಾಡಿಗೆ ತಾನಿರುವ ಸ್ವಭಾವ. ಒಂದು ಶ್ರಾವಣದಲ್ಲಿ ತಾಯಿಯವರು ಪುರಾಣ ಹೇಳಲು ಪರ ಊರುಗಳಿಗೆ ಹೋಗಿದ್ದರು. ಆಗ ತೋಟದಲ್ಲಿ ಸೇವಂತಿಗೆ ಬಿಡಿಸುತ್ತಿದ್ದ ಗುರುಶಾಂತನಿಗೆ ತಾಯಿಯವರು ಹೆಸರು ಹಿಡಿದು ಕರೆದದ್ದು ಕೇಳಿಸಿತು. ಸುತ್ತ ನೋಡಿದ, ಯಾರೂ ಇಲ್ಲ. ಮರುದಿನವೂ ಕರೆದರು. ಆಮೇಲೆ ಮಾತಾಡತೊಡಗಿದರು.

ಸುದ್ದಿ ಹೆಂಡತಿ ಸಾವಂತ್ರೆವ್ವನ ಬಾಯಿಂದ ಊರಿಗೆ ಹಬ್ಬಿತು. ಎಲ್ಲೋ ಇರುವ ತಾಯಿಯವರು ಇವನ ಕಿವಿಯಲ್ಲಿ ಮಾತಾಡುತ್ತಾರೆಂದರೆ ಸಾಮಾನ್ಯವೇ? ಹಿರಿಯರು ಬಂದು ಅವನ ಕಾಲು ಮುಟ್ಟಿದರು. ಗುರುಶಾಂತನಿಗೆ ನಾಚಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು.

ಆದರೆ ದನಿ ದಿನೇದಿನೇ ಬಿರುಸಾಯಿತು. ಹೆಂಡತಿ ಅಡುಗೆಯಲ್ಲಿ ವಿಷ ಬೆರೆಸಿದ್ದಾಳೆ, ಉಣಬೇಡ ಎಂದಿತು. ಮಲಗಬೇಡ ಎಂದಿತು. ಗುರುವಾಣಿ ಮೀರುವುದು ಹೇಗೆ? ಅವನು ಅನ್ನ ಬಿಟ್ಟ, ನಿದ್ದೆ ಬಿಟ್ಟ. ಕಡೆಗೊಂದು ನಡುಮಧ್ಯಾಹ್ನ, ಬಾವಿಗೆ ಇಳಿದು ಬಯಲಾಗು ಎಂದು ಅಪ್ಪಣೆಯಾಯಿತು. ಬಾವಿಯ ಕಟ್ಟೆ ಏರಿ ನಿಂತವನನ್ನು ಸಾವಂತ್ರೆವ್ವ ಕಾಲಿಗೆ ತೆಕ್ಕೆಬಿದ್ದು ಹಿಡಿದಳು; ಅವಳ ಚೀರಾಟಕ್ಕೆ ನೆರೆಯವರು ಓಡಿಬಂದರು. ಅಂದೇ ಅವನನ್ನು ಜಿಲ್ಲಾ ಕೇಂದ್ರದ ಮಾನಸಿಕ ಆಸ್ಪತ್ರೆಗೆ ಸೇರಿಸಿದಳು. "ದೈವ ಒಲಿದವನ್ನ ಹುಚ್ಚರ ದವಾಖಾನಿಗೆ ನೂಕಿದಳು," ಎಂದು ಊರು ಅವಳನ್ನೇ ದೂರಿತು.

ಗಂಡಸರ ವಾರ್ಡಿನ ಕಿಟಕಿಗಳಿಗೆ ಜಾಳಿಗೆ, ಬಾಗಿಲಿಗೆ ಬೀಗ. ಎರಡು ಸಾಲು ಮಂಚ. ಪಕ್ಕದ ಮಂಚದವನು ಹಾಸಿಗೆ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಗುರುಶಾಂತ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗುಳುತ್ತಿದ್ದ. ಸೂಜಿ ಚುಚ್ಚಲು ಹಿಡಿದವರು ಅವನ ಕಣ್ಣಿಗೆ ಯಮನ ಆಳುಗಳಂತೆ ಕಂಡರು. ಡಾಕ್ಟರ್ ಇಂದುಮತಿ ಪಡಸಲಗಿ ಮಂಚದ ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಹೇಳಿದರು: "ದನಿ ನಿಮಗ ಖರೇನ ಕೇಳತೈತಿ, ನೀವು ಸುಳ್ಳು ಹೇಳವರಲ್ಲ. ಆದರ ಅದು ಹೊರಗಿಂದ ಬರೂದಲ್ಲ. ಇದೊಂದು ಜಡ್ಡು, ಸ್ಕಿಜೋಫ್ರೇನಿಯಾ ಅಂತಾರ. ಔಷಧ ಐತಿ." ತಾಯಿಯವರನ್ನು ಕಂಡೇ ಇಲ್ಲದ ಈ ಹೆಣ್ಣುಮಗಳಿಗೆ ಏನು ತಿಳಿದೀತು ಎಂದುಕೊಂಡು ಅವನು ಗೋಡೆಯತ್ತ ಹೊರಳಿದ.

ಅತ್ತ ತಾಯಿಯವರು ಮಠಕ್ಕೆ ಮರಳಿ ಹೂವಿನವನೆಲ್ಲಿ ಎಂದು ವಿಚಾರಿಸಿದರು. ಭಕ್ತರು ಅಭಿಮಾನದಿಂದಲೇ ಎಲ್ಲವನ್ನೂ ಅರಿಕೆ ಮಾಡಿದರು. ತಾಯಿಯವರು ಮೊರ ಕೆಳಗಿಟ್ಟರು.

"ನಾ ಯಾರ ಕಿವ್ಯಾಗೂ ಮಾತಾಡಿಲ್ಲ."

"ನಿಮಗ ಗೊತ್ತಿಲ್ಲದಂಗ ನಡದ ಲೀಲಾ ಅದು, ತಾಯಿ," ಎಂದರು ಹಿರಿಯರೊಬ್ಬರು.

"ನನಗ ಗೊತ್ತಿಲ್ಲದ್ದನ್ನ ನನ್ನ ಹೆಸರಿಗೆ ಹಚ್ಚಬ್ಯಾಡ್ರಿ. ಅಂವಗ ಜಡ್ಡಾಗೈತಿ," ಎಂದವರೇ ಸಾವಂತ್ರೆವ್ವನನ್ನು ಕರೆದುಕೊಂಡು ಬಸ್ಸು ಹತ್ತಿದರು.

ವಾರ್ಡಿನ ಬಾಗಿಲಲ್ಲಿ ಡಾಕ್ಟರು ತಡೆದರು. ಗುರುಗಳ ಮಾತು ಕೇಳಿ ಔಷಧ ಬಿಟ್ಟು ಕೆಟ್ಟವರನ್ನು ಅವರು ಸಾಕಷ್ಟು ಕಂಡಿದ್ದರು. "ಬೂದಿ, ತಾಯತ, ಮಂತ್ರ ಏನೂ ನಡಿಯಂಗಿಲ್ಲ ನೋಡ್ರಿ. ಗುಳಿಗಿ ಬಿಡಸಾಕ ಬಂದಿದ್ದರ ಹಿಂಗ ಹಿಂದಕ ಹೋಗ್ರಿ."

"ಬರೇ ಕೈಲೆ ಬಂದೀನವ್ವಾ," ಎಂದು ತಾಯಿಯವರು ಎರಡೂ ಅಂಗೈ ತೋರಿದರು.

ಮಧ್ಯಾಹ್ನದ ಅನ್ನ ಸಾರು ಗುರುಶಾಂತನ ಮುಂದೆ ಆರಿ ತಣ್ಣಗಾಗಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ತಾಯಿಯವರು. ಅದೇ ಗಳಿಗೆಗೆ ಕಿವಿಯಲ್ಲಿಯೂ ತಾಯಿಯವರು: "ಅಕಿ ನಾನಲ್ಲ. ನನ್ನ ವೇಷ ಹಾಕ್ಕೊಂಡು ಬಂದಾಳ." ಎರಡೂ ಒಂದೇ ದನಿ. ಎಳ್ಳಷ್ಟೂ ವ್ಯತ್ಯಾಸವಿಲ್ಲ.

"ಗುರುಶಾಂತಾ, ಉಂಡಿಲ್ಲೇನು?"

"ನೀವ ಖರೇ ತಾಯಿ ಅಂತ ನಾ ಹ್ಯಾಂಗ ನಂಬಲಿ?"

ಗುರುವಿಗೆ ಇಂಥ ಮಾತೇ ಎಂದು ಸಾವಂತ್ರೆವ್ವ ಬಾಯಿಗೆ ಸೆರಗು ಹಚ್ಚಿದಳು. ತಾಯಿಯವರು ನೊಂದುಕೊಳ್ಳಲಿಲ್ಲ. ಮಂಚದ ಅಂಚಿಗೆ ಕುಳಿತರು.

"ಆ ದನಿ ಏನಂತೈತಿ?"

"ನೀವು ತಾಯಿ ಅಲ್ಲ ಅಂತೈತಿ. ಉಣಬ್ಯಾಡ ಅಂತೈತಿ."

ತಾಯಿಯವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅದಕ್ಕ ಕೈ ಅದಾವೇನು?"

ಗುರುಶಾಂತ ಕೈಯ ವಿಚಾರ ಮಾಡಿರಲೇ ಇಲ್ಲ.

"ಕೈ ಇದ್ದರ ಅದ ನಿನಗ ಉಣಸಲಿ. ಇಲ್ಲಂದ್ರ ನನ್ನ ಕೈಲೆ ಉಣ್ಣು."

ಅವರು ತಟ್ಟೆಯ ಅನ್ನ ಕಲಸಿದರು. ಮೊದಲ ತುತ್ತನ್ನು ತಾವೇ ಉಂಡರು. ಎರಡನೆಯದನ್ನು ಅವನ ಬಾಯಿಯ ಹತ್ತಿರ ಹಿಡಿದರು. ಜೋಳ ಹಸನು ಮಾಡಿ ಮಾಡಿ ಸೀಳಿದ ಬೆರಳುಗಳು, ಉಗುರಿನ ಸಂದಿಯಲ್ಲಿ ಬಿಳಿ ಹಿಟ್ಟು. ಗುರುಶಾಂತ ಮುಖ ನೋಡಲಾರದೆ ಆ ಕೈಯನ್ನೇ ನೋಡುತ್ತಿದ್ದ. ವಯಸ್ಸಾದ ಕೈ, ಹಿಡಿದು ಹಿಡಿದು ಸೋತು ಅದುರತೊಡಗಿತು. ತಾಯಿಯವರು ಇಳಿಸಲಿಲ್ಲ. ಅವನು ಬಾಯಿ ತೆರೆದ.

ಅಗಿಯುವಷ್ಟು ಹೊತ್ತೂ ದನಿ ಬೈಯುತ್ತಿತ್ತು. ಅವನು ತಟ್ಟೆ ಬರಿದಾಗುವವರೆಗೆ ಉಂಡ.

ದಾದಿ ಗುಳಿಗೆ ತಂದಾಗ ತಾಯಿಯವರ ಕಡೆ ತಿರುಗಿದ. "ನೀವು ಹೇಳಿದರ ನುಂಗತೀನಿ."

"ಅದು ನಾ ಹೇಳೂ ಮಾತಲ್ಲ. ಡಾಕ್ಟರವ್ವನ್ನ ಕೇಳು."

ಬಾಗಿಲಲ್ಲೇ ನಿಂತು ನೋಡುತ್ತಿದ್ದ ಇಂದುಮತಿಯವರು ತಾವು ಕೂರುತ್ತಿದ್ದ ಕುರ್ಚಿಯನ್ನು ತಂದು ತಾಯಿಯವರ ಹತ್ತಿರ ಇಟ್ಟರು. ಆಮೇಲೆ ಅವನಿಗೆ ಗುಳಿಗೆ ಕೊಟ್ಟರು. ಅವನು ನುಂಗಿ, ಕೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದ.

ಒಮ್ಮೆಗೇ ಎಲ್ಲ ನೆಟ್ಟಗಾಯಿತೆಂದು ಭಕ್ತಾದಿಗಳು ತಿಳಿಯಬಾರದು. ಬಹಳ ಕಾಲ ಅವನು ವಾರ್ಡಿನಲ್ಲಿಯೇ ಇದ್ದ. ದನಿ ಮೆಲ್ಲಗೆ, ಪಕ್ಕದ ಮನೆಯ ಜಗಳದಷ್ಟು ದೂರ ಸರಿಯಿತು. ಊರಿಗೆ ಮರಳಿದ ಮೇಲೆ ಯಾರೂ ಅವನ ಕಾಲು ಮುಟ್ಟಲಿಲ್ಲ. ಔಷಧ ಕುಡಿದು ದೈವ ಕಳಕೊಂಡ ಎಂದವರೂ ಇದ್ದರು. ಗುಳಿಗೆಯಿಂದ ಕೈ ನಡುಗಿ ಮಾಲೆ ಸೊಟ್ಟಗಾಗುತ್ತಿತ್ತು. ಅವನು ತಾಯಿಯವರ ಮುಂದೆ ಅತ್ತಾಗ ಅವರು ಸೊಟ್ಟ ಮಾಲೆಯನ್ನೇ ಪೂಜೆಗೆ ಏರಿಸಿ, "ನಡುಗೂದನ್ನ ಡಾಕ್ಟರಿಗೆ ಹೇಳಿ ಬಾ," ಎಂದು ಕಳಿಸಿದರು. ಔಷಧ ಬದಲಾಯಿತು. ನಡುಕ ಇಳಿಯಿತು, ಪೂರ್ತಿ ಹೋಗಲಿಲ್ಲ. ವರ್ಷಗಳ ನಂತರ ಜಡ್ಡು ಮತ್ತೆ ತಲೆಯೆತ್ತಿದಾಗ ಅವನು ತಾನೇ ಅರಿವೆ ಗಂಟು ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ ಸೇರಿಕೊಂಡ, ಗುಣವಾಗಿ ಬಂದ.

ತುಂಬಿದ ವಯಸ್ಸಿನಲ್ಲಿ ತಾಯಿಯವರು ಲಿಂಗೈಕ್ಯರಾದರು. ಗದ್ದುಗೆಯ ಸುತ್ತ ಕುಳಿತ ಮಂದಿ, ಆ ದನಿ ಇನ್ನೆಲ್ಲಿ ಕೇಳೀತು ಎಂದು ಅಳುತ್ತಿದ್ದರು. ಅವರ ನಡುವೆ ಮಲ್ಲಿಗೆ ಕಟ್ಟುತ್ತಿದ್ದ ಗುರುಶಾಂತನ ಕೈ ನಿಂತಿತು.

"ಗುರುಶಾಂತಾ."

ಈ ಸಲ ದನಿಯಲ್ಲಿ ಬಿರುಸಿಲ್ಲ. "ಅಳಬ್ಯಾಡ. ನಾ ಎಲ್ಲೂ ಹೋಗಿಲ್ಲ," ಎಂದಿತು. ಅವನ ಕಣ್ಣಿಂದ ನೀರು ಹರಿಯಿತು. ಎದ್ದು ಹೆಂಡತಿಯನ್ನು ಬದಿಗೆ ಕರೆದ.

"ದನಿ ಬಂದೈತಿ."

ಸಾವಂತ್ರೆವ್ವ ತನಗರಿವಿಲ್ಲದೆ ಕೈ ಮುಗಿದಳು. "ತಾಯಿ ಏನಂದ್ರು?"

"ತಾಯಿ ಅಲ್ಲ," ಎಂದ ಗುರುಶಾಂತ. "ನನ್ನ ಜಡ್ಡು. ದವಾಖಾನಿಗೆ ಹೋಗೂ ಬಸ್ಸಿನ ಹೊತ್ತಾಗೈತಿ, ನಡಿ."

ಊರು ದಾಟಿ ಬಹುದೂರದವರೆಗೆ ದನಿ ಅವನನ್ನು ಅಕ್ಕರೆಯಿಂದ ಕರೆಯುತ್ತಲೇ ಇತ್ತು. ಕಿಟಕಿಯ ಕಂಬಿ ಹಿಡಿದು ಕುಳಿತ ಗುರುಶಾಂತ ಅಳುತ್ತಿದ್ದ. ಓಗೊಡಲಿಲ್ಲ.